ಕೈ ಅವನದು, ಕಿವಿ ನನ್ನದು

ಜನವರಿ ೬, ಸೋಮವಾರ

ಎಂಜಿನ್ನಿನ ಜೊತೆ ಬಂದ ಪುಸ್ತಕವನ್ನು ಇವತ್ತು ಮತ್ತೊಮ್ಮೆ ಓದಿದೆ. ಓದಿ ಸಿಟ್ಟು ನೆತ್ತಿಗೇರಿತು. ಪುಟಪುಟಕ್ಕೂ ಒಂದೇ ರಾಗ: ಬಿಗಿನರ್ ಶುಡ್ ಸೀಕ್ ದಿ ಅಸಿಸ್ಟೆನ್ಸ್ ಆಫ್ ಆನ್ ಎಕ್ಸ್‌ಪೀರಿಯೆನ್ಸ್ಡ್ ಪರ್ಸನ್. ಯಾರು ಬಿಗಿನರ್? ಜಮಖಂಡಿ ಪೇಟೆಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟು ಕೂದಲು ಬೆಳ್ಳಗಾಗುವವರೆಗೆ ಗಲ್ಲೆಯ ಮೇಲೆ ಕುಳಿತವನು ನಾನು. ಸಾವಳಗಿ ಕಡೆಯ ರೈತರು ಫೋನಿನಲ್ಲಿ ಎಂಜಿನ್ನಿನ ಸದ್ದು ಕೇಳಿಸುತ್ತಿದ್ದರು, ನಾನು ಇಲ್ಲಿಂದಲೇ ವಾಲ್ವ್ ಹೋಗಿದೆ, ನಾಝಲ್ ಹೋಗಿದೆ ಎಂದು ಹೇಳುತ್ತಿದ್ದೆ. ಈಗ ನಿಂಬೆಹಣ್ಣಿನಷ್ಟಿರುವ ಒಂದು ಆಟದ ಹೆಲಿಕಾಪ್ಟರಿನ ಎಂಜಿನ್ನು ನನ್ನನ್ನು ಬಿಗಿನರ್ ಎನ್ನುತ್ತದೆ. ನಮ್ಮ ಪ್ರಿನ್ಸಿಪಾಲರು ಹೇಳುತ್ತಿದ್ದಂತೆ, ಐ ಆಮ್ ಕನ್‌ಸ್ಟ್ರೇನ್ಡ್ ಟು ರಿಮಾರ್ಕ್... ಮುಂದಿನದು ಮರೆತಿದೆ. ಏನೋ ಬೈಗುಳವೇ ಇತ್ತು.

ಮಾಡಬೇಕಾದದ್ದು ಇಷ್ಟೇ. ಹೊಸ ಎಂಜಿನ್ನನ್ನು ಒಮ್ಮೆಲೇ ಜೋರು ಓಡಿಸಬಾರದು. ಇಂಧನ ಬಿಡುವ ತಿರುಪೊಂದಿದೆ, ತುದಿ ಸೂಜಿಯ ಹಾಗೆ. ಮೊದಲು ಆ ಸೂಜಿಯನ್ನು ಹೆಚ್ಚು ತೆರೆದಿಡಬೇಕು. ಎಂಜಿನ್ನು ಬೇಕಾದ್ದಕ್ಕಿಂತ ಜಾಸ್ತಿ ಕುಡಿದು, ಗೊಳಗೊಳ ಅಂದು, ಬಿಳಿ ಹೊಗೆ ಉಗುಳುತ್ತ ನಿಧಾನವಾಗಿ ತಿರುಗುತ್ತದೆ. ಒಳಗಿನ ಪಿಸ್ಟನ್ನು ಸಿಲಿಂಡರಿಗೆ ಹೊಂದಿಕೊಂಡ ಮೇಲೆ ದಿನಕ್ಕಿಷ್ಟು ಸೂಜಿ ಮುಚ್ಚುತ್ತ ಬರಬೇಕು. ಅವಸರ ಮಾಡಿದರೆ ಇಂಧನ ಸಾಲದೆ ಒಳಗೆಲ್ಲ ಒಣಗಿ, ಕಾದು, ಗೀರು ಬಿದ್ದು ಕೆಲಸ ಮುಗಿಯುತ್ತದೆ.

ಎಕ್ಸ್‌ಪೀರಿಯೆನ್ಸ್ಡ್ ಪರ್ಸನ್ ಈ ಭಾಗದಲ್ಲಿ ಒಬ್ಬನೇ ಇದ್ದಾನೆ. ಬನಹಟ್ಟಿಯ ವಿಠೋಬಾ. ಪವರ್‌ಲೂಮ್ ಮಾಲೀಕ. ಕಾಲೇಜಿನ ಎನ್‌ಸಿಸಿ ಏರ್ ವಿಂಗಿನಲ್ಲಿ ನಾವಿಬ್ಬರೂ ತಂತಿ ಕಟ್ಟಿ ಹಾರಿಸುವ ವಿಮಾನ ಮಾಡುತ್ತಿದ್ದೆವು. ಅವನು ಹಾರಿಸುವುದು, ನಾನು ಎಂಜಿನ್ ನೋಡುವುದು. ಕೈ ಅವನದು, ಕಿವಿ ನನ್ನದು ಎಂದು ನಮ್ಮ ಆಫೀಸರೇ ನಗುತ್ತಿದ್ದರು. ಆಮೇಲೆ ಅವನು ಬ್ಯಾಟರಿಯ ಸಣ್ಣ ಹೆಲಿಕಾಪ್ಟರ್ ಹಾರಿಸಿ ಕೈ ಪಳಗಿಸಿಕೊಂಡ. ಎಂದಾದರೂ ಖರೆ ಎಂಜಿನ್ನಿನ ಹೆಲಿಕಾಪ್ಟರ್ ಕೂಡಿ ಹಾರಿಸಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು.

ಹೋದ ಆಗಸ್ಟಿನಲ್ಲಿ ಶಾಂತವ್ವ ತೀರಿಕೊಂಡಳು. ನನ್ನ ಹೆಂಡತಿ. ಮುಧೋಳದಿಂದ ಬಂದರು, ತೇರದಾಳದಿಂದ ಬಂದರು, ನನಗೆ ಗುರುತೇ ಇಲ್ಲದ ರೈತರು ಬಂದರು. ವಿಠೋಬಾ ಬರಲಿಲ್ಲ. ಹೆಂಡತಿ ಅನಸವ್ವನನ್ನು ಕಳಿಸಿ ಮನೆಯಲ್ಲಿ ಕುಳಿತ. ಇಲ್ಲಿಂದ ಬನಹಟ್ಟಿಗೆ ಏನು ಕಾಶಿಯಷ್ಟು ದೂರವೇ?

ಅವನ ಬಾಗಿಲು ತುಳಿಯುವುದಿಲ್ಲ. ಈ ಎಂಜಿನ್ನನ್ನು ಒಬ್ಬನೇ ಪಳಗಿಸಿ, ಹೆಲಿಕಾಪ್ಟರನ್ನು ನೆಲದಿಂದ ಒಂದು ಗೇಣಾದರೂ ಏಳಿಸಿ, ಅದರ ವಿಡಿಯೋ ಅವನಿಗೆ ಕಳಿಸುತ್ತೇನೆ. ಕೆಳಗೆ ಒಂದಕ್ಷರ ಬರೆಯುವುದಿಲ್ಲ.

ಜನವರಿ ೭, ಮಂಗಳವಾರ

ಮೊದಲ ಓಟ ಆಯಿತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಹೆಲಿಕಾಪ್ಟರನ್ನು ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿದೆ. ಇಂಧನ ಸೋಸಿದೆ. ಪುಸ್ತಕದಲ್ಲಿ ಸೋಸು ಎಂದಿಲ್ಲ. ಇಲ್ಲದಿದ್ದರೇನು? ಸೋಸದ ಡೀಸೆಲ್ಲು ಹಾಕಬೇಡಿ ಎಂದು ರೈತರಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಮೇಲಾಗಿ ನಾವು ಜೈನರು. ಸೋಸದ ನೀರು ನಮ್ಮ ಮನೆಯ ಕೊಡದೊಳಗೆ ಎಂದೂ ಬಿದ್ದಿಲ್ಲ. ಶಾಂತವ್ವ ಟ್ರಂಕಿನಲ್ಲಿ ನೀರು ಸೋಸುವ ಬಟ್ಟೆಯ ತುಂಡುಗಳನ್ನು ಮಡಿಸಿ ಇಟ್ಟಿದ್ದಳು, ದಪ್ಪನೆಯ ಕೋರಾ ಬಟ್ಟೆ. ಕೊಡದ ಮೇಲಿನದನ್ನು ಎಂಜಿನ್ನಿಗೆ ಮುಟ್ಟಿಸುವುದು ಸರಿಯಲ್ಲವೆಂದು ಒಂದು ಹೊಸ ತುಂಡನ್ನೇ ತೆಗೆದು, ಎರಡು ಪದರು ಮಾಡಿ ಸೋಸಿದೆ. ಹೊಸ ಎಂಜಿನ್ನಿಗೆ ಹೊಸ ಬಟ್ಟೆ.

ಎಡಗೈಯಲ್ಲಿ ರೆಕ್ಕೆಯ ಬುಡ ಹಿಡಿದು ಬಲಗೈಯಲ್ಲಿ ಸ್ಟಾರ್ಟರ್ ಒತ್ತಿದೆ. ಕೆಮ್ಮಿತು, ಸೀನಿತು, ಹತ್ತಿತು. ಹಿತ್ತಲ ತುಂಬ ಔಡಲೆಣ್ಣೆ ಸುಟ್ಟ ಹೊಗೆ. ಕಾಲೇಜಿನ ದಿನಗಳ ವಾಸನೆ. ಕಣ್ಣಲ್ಲಿ ನೀರು ಬಂತು, ಹೊಗೆಗೆ.

ಆಗ ಗೋಡೆಯ ಮೇಲೆ ಪಕ್ಕದ ಮನೆಯ ಸಾವಿತ್ರೆವ್ವನ ತಲೆ ಕಂಡಿತು. ಕೈಯಲ್ಲಿ ತುಂಬಿದ ಕೊಡ.

"ಏನ್ರೀ ಅಣ್ಣಾರ, ನಿಮ್ಮ ಮನಿಗೆ ಬೆಂಕಿ ಹತ್ತೈತಂತ ಅಡಗಿ ಬಿಟ್ಟ ಓಡಿ ಬಂದೇನ್ರಿ!"

"ಬೆಂಕಿ ಅಲ್ಲ ತಂಗಿ, ಹೆಲಿಕಾಪ್ಟರ್."

"ಅದರಾಗ ಯಾರ ಕುಂಡ್ರತಾರ್ರಿ?"

"ಯಾರೂ ಕುಂಡ್ರೂದಿಲ್ಲ."

"ಏನಾರ ಹೊತಗೊಂಡ ಹೊಕ್ಕೈತೇನು?"

"ಏನೂ ಇಲ್ಲ."

"ಮತ್ತ್ಯಾಕ ಬೇಕ್ರಿ ಅದು? ನನ್ನ ಇಳಕಲ್ಲ ಸೀರಿ ಮ್ಯಾಲ ಎಣ್ಣಿ ಹನಿ ಸಿಡದಾವ ನೋಡ್ರಿ, ತಂಗೀ ಮದುವಿ ಸೀರಿ."

ಒಬ್ಬ ಮನುಷ್ಯ ಜೀವಮಾನದಲ್ಲಿ ಒಂದು ಕೆಲಸ ತನಗಾಗಿ ಮಾಡಿದರೆ, ಯಾಕೆ ಬೇಕು ಎಂದು ಕೇಳುತ್ತಾರೆ. ಅವಳು ಹೋದಮೇಲೆ ನನಗೇ ನಾನು ಉತ್ತರ ಕೊಟ್ಟುಕೊಂಡೆ. ಗಟ್ಟಿ ಉತ್ತರವೇ. ಈಗ ನೆನಪಿಲ್ಲ.

ಜನವರಿ ೯, ಗುರುವಾರ

ಸೂಜಿ ಇಷ್ಟು ಅಗಲ ತೆರೆದಿಟ್ಟರೂ ಎಂಜಿನ್ನು ಅರ್ಧ ಟ್ಯಾಂಕಿಗೆ ಬಂದು ಕಿರ್ರೆಂದು ಕಿರುಚಿ ನಿಲ್ಲುತ್ತದೆ. ಹೊಗೆ ಇಲ್ಲ. ಹಿಂಭಾಗ ಮುಟ್ಟಿದರೆ ಬೆರಳು ಸುಡುತ್ತದೆ. ಇನ್ನಷ್ಟು ತೆರೆದರೆ ಸರಿಹೋದಂತೆ ಮಾಡಿ ಮತ್ತೆ ಅದೇ ಕಥೆ. ಮೋಸದ ಮಾಲು. ಪುಣೆಯ ಅಂಗಡಿಯವನು ಹಳ್ಳಿ ಮುದುಕ ಎಂದು ಕೆಟ್ಟದ್ದನ್ನೇ ಕಳಿಸಿದ್ದಾನೆ.

ಜನವರಿ ೧೨, ಭಾನುವಾರ

ಮುಧೋಳದಿಂದ ಮಗಳು ಉಜ್ವಲಾ ಫೋನ್ ಮಾಡಿದ್ದಳು. ಸಾಲಿ ಮಾಸ್ತರಿಣಿ, ಮಾತೂ ಹಾಗೇ.

"ಅಪ್ಪಾ, ಊಟ ಆತೇನು?"

"ಆತು."

"ಏನ್ ಮಾಡಿದ್ದಿ?"

"ಏನೋ ಮಾಡಿದ್ನಿ."

"ಆ ರೆಕ್ಕಿ ಕೈಗಿ ಬಡದ್ರ ಏನ್ ಮಾಡ್ತಿಪಾ? ಒಬ್ಬನ ಇರ್ತಿ. ವಿಠೋಬಾ ಕಾಕಾನ್ನರ ಕರಿಯಲಾ."

"ಅವನ ಹೆಸರ ತಗೀಬ್ಯಾಡ."

"ಅವರ ಹೆಸರ ತಗೀಬಾರದು, ಅವ್ವನ ಹೆಸರ ತಗೀಬಾರದು. ಅವ್ವನ ಮಾತ ಬಂದ ಕೂಡ್ಲೇ ಫೋನ್ ಇಡ್ತಿ. ನಾ ಯಾರ ಮುಂದ ಮಾತಾಡ್ಲಿ?"

ಫೋನ್ ಇಟ್ಟೆ. ಈ ಸಲ ಇಟ್ಟದ್ದು ಆ ಮಾತಿಗಲ್ಲ, ಒಲೆಯ ಮೇಲೆ ಹಾಲಿತ್ತು. ಹಾಲು ಉಕ್ಕಿರಲಿಲ್ಲ, ಆ ಮಾತು ಬೇರೆ.

ಅವಳಿಗೆ ಏನು ಬೇಕು? ಅವಳೇ ಬಂದಿದ್ದಳಲ್ಲ, ನೋಡಿದ್ದಾಳಲ್ಲ. ನೋಡಿದ ಮೇಲೆ ಮತ್ತೆ ಹೇಳುವುದೇನಿರುತ್ತದೆ? ಎಲ್ಲರಿಗೂ ಕೇಳುವ ಚಟ. ಶಾಂತವ್ವ ಹೋದ ಮೇಲೆ ಆ ಐದು ದಿನ ಬಂದವರೆಲ್ಲ ಹೆಂಗಾತ್ರಿ ಹೆಂಗಾತ್ರಿ ಎಂದೇ ಕೇಳಿದರು. ಏನೋ ಸಿನಿಮಾ ಬಿಟ್ಟುಬಂದವರ ಹಾಗೆ. ಒಬ್ಬರಿಗೂ ಹೇಳಲಿಲ್ಲ.

ಜನವರಿ ೧೪, ಮಂಗಳವಾರ

ಸಂಕ್ರಮಣ. ಎಂಜಿನ್ ಮುಟ್ಟಲಿಲ್ಲ. ಸಾವಿತ್ರೆವ್ವ ಸಜ್ಜಿರೊಟ್ಟಿ, ಬದನೆಕಾಯಿ ಎಣಗಾಯಿ ಕೊಟ್ಟುಹೋದಳು, ಇನ್ನೂ ಬಿಸಿಲಿರುವಾಗಲೇ. ನಾವು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ಅವಳಿಗೆ ಗೊತ್ತು. "ಎರಡ ದಿನ ಆತು, ಸದ್ದ ಇಲ್ಲಲ್ರಿ? ಸದ್ದ ಬಂದ್ರ ಅಣ್ಣಾರ ಆರಾಮ ಅದಾರ ಅನಕೊಂತೇನಿ" ಎಂದಳು. ನಾನೇನು ಹೊತ್ತುಹೊತ್ತಿಗೆ ಕೂಗುವ ಗಿರಣಿಯ ಭೋಂಗಾ?

ಎಣಗಾಯಿಗೆ ಉಪ್ಪು ಸ್ವಲ್ಪ ಕಡಿಮೆ.

ಜನವರಿ ೧೬, ಗುರುವಾರ

ಇವತ್ತು ಮತ್ತೆ ಅದೇ ಆಯಿತು. ಓಟದ ನಡುವೆ ಕಿರುಚಿ, ಈ ಸಲ ಒಳಗಿಂದ ಒಂದು ಕಟಕಟ ಸದ್ದೂ ಬಂತು. ಪ್ಲಗ್ಗು ಬಿಚ್ಚಿದರೆ ಒಳಗಿನ ಸುರುಳಿ ತಂತಿ ಕರಗಿಹೋಗಿದೆ. ಪುಣೆಗೆ ಫೋನ್ ಹಚ್ಚಿದೆ. ಹುಡುಗನೊಬ್ಬ ಎತ್ತಿದ.

"ಅಂಕಲ್, ಯು ಆರ್ ಲೀನಿಂಗ್ ಟೂ ಅರ್ಲಿ" ಎಂದ. ಅಂದರೆ ನಾನು ಅವಸರ ಮಾಡಿ ಸೂಜಿ ಮುಚ್ಚುತ್ತಿದ್ದೇನಂತೆ. ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ, "ಐ ಬೆಗ್ ಟು ಡಿಫರ್, ಆಂಡ್ ಫರ್ದರ್‌ಮೋರ್ ಐ ಸ್ಟ್ರಾಂಗ್ಲಿ..." ಎಂದೆ. ಸ್ಟ್ರಾಂಗ್ಲಿ ಆದಮೇಲೆ ಏನು ಬರುತ್ತದೆಂದು ಹೊಳೆಯಲಿಲ್ಲ. "ಐ ಸ್ಟ್ರಾಂಗ್ಲಿ" ಎಂದು ಇನ್ನೊಮ್ಮೆ ಹೇಳಿ ನಿಲ್ಲಿಸಿದೆ.

ಆಮೇಲೆ ಅವನು ಹೇಳಿದ್ದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಈ ಮಾದರಿಯ ಸಿಲಿಂಡರು ಈಗ ಬರುವುದಿಲ್ಲವಂತೆ. ಎಲ್ಲರೂ ಬ್ಯಾಟರಿಗೆ ಹೋಗಿದ್ದಾರಂತೆ. ಇನ್ನೊಮ್ಮೆ ಹೀಗೆ ಒಣಗಿ ಓಡಿದರೆ ಎಂಜಿನ್ನು ಹೋಯಿತು, ಬೇರೆ ಸಿಗುವುದಿಲ್ಲ. ಹಾರಿಸುವವರು ಯಾರಾದರೂ ಇದ್ದರೆ ತೋರಿಸಿ ಅಂಕಲ್, ಅವರು ನೋಡುವ ತನಕ ಸ್ಟಾರ್ಟ್ ಮಾಡಬೇಡಿ ಎಂದ.

ಯಾರಾದರೂ ಇದ್ದರೆ! ಎಲ್ಲರೂ ಕೂಡಿ ಮಾತಾಡಿಕೊಂಡ ಹಾಗಿದೆ. ಪುಸ್ತಕ, ಮಗಳು, ಪುಣೆಯ ಪೋರ.

ಜನವರಿ ೧೮, ಶನಿವಾರ

ನಾನು ವಿಠೋಬನ ಮನೆಗೆಂದು ಹೋಗಲಿಲ್ಲ. ಬನಹಟ್ಟಿಗೆ ಹೋದೆ, ಅಷ್ಟೇ. ಅವನ ಮನೆ ಬನಹಟ್ಟಿಯಲ್ಲಿರುವುದಕ್ಕೆ ನಾನು ಏನು ಮಾಡಲಿ?

ಹೆಲಿಕಾಪ್ಟರಿನ ರೆಕ್ಕೆ ಮಡಿಸಿ, ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬಾಲ ಮುಂದಿನ ಸೀಟಿನವನ ಕಿವಿಗೆ ತಾಗುತ್ತಿತ್ತು. ಕಂಡಕ್ಟರ್ ಬಂದ.

"ಅಜ್ಜಾರ, ಮೀನ ಏನ್ರೀ ಅದು?"

ಜೈನರ ತೊಡೆಯ ಮೇಲೆ ಮೀನು! ಹೆಲಿಕಾಪ್ಟರ್ ಎಂದೆ. "ಹೌದ್ರಿ? ಹಂಗಾದ್ರ ಅದರಾಗ ಬರಬೇಕಿತ್ತಲ್ರಿ, ನಮ್ಮ ಬಸ್ಸ್ಯಾಕ?" ಎಂದ. ಬಸ್ಸೆಲ್ಲ ನಕ್ಕಿತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ, ಆ ನಗೆ ಸಹಿಸಿಕೊಂಡು ಹೋಗಿ ಇಳಿದೆ.

ವಿಠೋಬಾ ಮಗ್ಗಗಳ ನಡುವೆ ನನಗೆ ಬೆನ್ನು ಮಾಡಿ ನಿಂತಿದ್ದ. ಖಟಕ್ ಖಟಕ್ ಸದ್ದಿನಲ್ಲಿ "ವಿಠೋಬಾ" ಎಂದೆ. ತಿರುಗಲಿಲ್ಲ. ಮಗ್ಗ ನಿಲ್ಲಿಸಿದರು, ಸದ್ದು ಅಡಗಿತು. ಮತ್ತೆ ಕರೆದೆ. ತಿರುಗಲಿಲ್ಲ. ಇಷ್ಟು ದಿನದ ಮೇಲೆ ನಾನು, ನಾನಾಗಿ, ಅವನ ಹೊಸ್ತಿಲಲ್ಲಿ ನಿಂತು ಮೂರನೇ ಸಲ ಕರೆಯುತ್ತಿದ್ದೇನೆ, ಆ ಮನುಷ್ಯ ಎಳೆ ಸರಿಮಾಡುತ್ತಿದ್ದಾನೆ. ಚಾದರ ಸುತ್ತಿ ಹೊರಟೇಬಿಟ್ಟೆ.

ಅನಸವ್ವ ಓಡಿಬಂದು ಅವನ ಭುಜ ತಟ್ಟಿದಳು. ಆಗ ತಿರುಗಿದ. ನನ್ನನ್ನು ನೋಡಿದ. ಚಾದರ ನೋಡಿದ.

"ನೇಮ್ಯಾ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದ. "ತಂದೀಲೇ ಮಗನ! ತಂದೀ!"

"ಅಣ್ಣಾರ, ಮುಂದ ನಿಂತ ಮಾತಾಡ್ರಿ," ಎಂದಳು ಅನಸವ್ವ ಸಣ್ಣ ದನಿಯಲ್ಲಿ. "ಈಗ ಎರಡೂ ಕಿವಿ ಹ್ವಾದ್ವು. ಕಿವ್ಯಾಗ ಒದರಿದ್ರ ಅಷ್ಟ ಒಂದೀಟ ಕೇಳತೈತಿ, ಇಲ್ಲಂದ್ರ ತುಟಿ ನೋಡಿ ತಿಳಕೋತಾರ. ಮಿಷನ್ ತಂದಕೊಟ್ರ ಹಾಕ್ಕೊಳ್ಳೂದಿಲ್ಲ, ಮಗ್ಗದ ಸದ್ದ ತಲಿಗಿ ಹೊಡೀತೈತಿ ಅಂತಾರ."

ಮಗ್ಗದವರಿಗೆ ಕಿವಿ ಮಂದವಾಗುವುದು ಹೊಸದಲ್ಲ. ಹೋದ ವರ್ಷವೇ ಫೋನಿನಲ್ಲಿ ಏನ ಏನ ಅನ್ನುತ್ತಿದ್ದ. ಇಷ್ಟು ಹೋಗಿದೆ ಎಂದು ಯಾರು ಹೇಳಬೇಕು? ಹೇಳಬೇಕಿತ್ತೋ ಇಲ್ಲವೋ?

ಅವನು ಮಾತ್ರ ಆಗಲೇ ಚಾದರ ಬಿಚ್ಚಿ, ಸೂಜಿ ಬಿಚ್ಚಿ, ಅದರ ತುದಿಯನ್ನು ಎಳೆ ಎಣಿಸುವ ತನ್ನ ಭೂತಗನ್ನಡಿಯ ಕೆಳಗೆ ಹಿಡಿದಿದ್ದ. ನೋಡಿದ. ನನ್ನನ್ನು ನೋಡಿದ. ಮತ್ತೆ ನೋಡಿದ.

"ಎಣ್ಣಿ ಯಾತರಲೇ ಸೋಸಿದಿ?"

"ಬಟ್ಟೀಲೇ."

"ತೊಳದದ್ದೋ ಕೋರಾನೋ?"

"ಹೊಸಾದು."

ಮಗ್ಗದ ಪಟ್ಟಿಗೆ ಹಣೆ ಹಚ್ಚಿ ನಕ್ಕ. ಸೂಜಿಯ ತುದಿಯಲ್ಲಿ ನೂಲಿನ ತುಪ್ಪಳ ಸುತ್ತಿಕೊಂಡಿತ್ತು. ಮಗ್ಗದಿಂದ ಇಳಿದ ಬಟ್ಟೆ, ಗಂಜಿಯನ್ನೂ ತೊಳೆಯದ್ದು, ಇಂಧನಕ್ಕೆ ತನ್ನ ತುಪ್ಪಳವನ್ನೆಲ್ಲ ಬಿಟ್ಟುಕೊಟ್ಟಿತ್ತು. ಅದು ಸೂಜಿಯ ಬಾಯಿಗೆ ಬಂದು ಕೂತಾಗ ಎಂಜಿನ್ನು ಉಪವಾಸ, ಸರಿದಾಗ ಹೊಟ್ಟೆತುಂಬ.

"ಮತ್ತ ಇದು ನಂದ ಬಟ್ಟಿ!" ಎಂದ. "ಶಾಂತವ್ವ ನೀರ ಸೋಸಾಕ ದಪ್ಪಂದ ಬೇಕ ಅಂದಿದ್ಲಂತ ನಾನ ನೇಸಿ ಕೊಟ್ಟಿದ್ನಿ. ಒಗದ ಬಳಸಂತ ಅಕಿಗಿ ಹೇಳಿದ್ನಿ."

"ನನಗ ಯಾರ ಹೇಳಿದ್ರು?"

ಅವನು ಕೆಳಗೆ ನೋಡುತ್ತಿದ್ದ, ಆ ಮಾತು ಅವನಿಗೆ ತಲುಪಲಿಲ್ಲ.

ಜನವರಿ ೧೯, ಭಾನುವಾರ

ಯೋಚಿಸಿದೆ. ತಪ್ಪು ಅವನದೇ. ತುಪ್ಪಳ ಬಿಡುವ ಬಟ್ಟೆ ನೇಯುವುದು ಯಾವ ಸೀಮೆಯ ನೇಕಾರಿಕೆ?

ಎಂಜಿನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಬಸ್ಸಿನಲ್ಲಿ ಮತ್ತೆ ಮೀನು ಅನ್ನಿಸಿಕೊಳ್ಳುವುದು ಬೇಡವೆಂದು, ಬೇರೆ ಕಾರಣವಿಲ್ಲ.

ಜನವರಿ ೨೩, ಗುರುವಾರ

ವಿಠೋಬನ ಹೊಲದ ಕಣದಲ್ಲಿ ಮೊದಲಿನಿಂದ ಶುರುಮಾಡಿದೆವು. ಟ್ಯಾಂಕು, ನಳಿಗೆ ಎಲ್ಲ ತೊಳೆದು, ಹೊಸ ಪ್ಲಗ್ಗು ಕೂರಿಸಿ, ಇಂಧನದ ಹೊಸ ಡಬ್ಬಿ ಒಡೆದು, ಸೋಸದೇ ಹಾಕಿದೆವು. ಸೋಸದೇ ಹಾಕುವಾಗ ಮುಖ ಆ ಕಡೆ ತಿರುಗಿಸಿದೆ, ಬರೆದಿಡುತ್ತೇನೆ. ದೇವರ ದಯೆಯಿಂದ ಸಿಲಿಂಡರಿನಲ್ಲಿ ಬಿದ್ದದ್ದು ಬರೀ ಸಣ್ಣ ಗೀರು.

ಕೆಲಸದ ರೀತಿ ಹೀಗೆ. ಅವನು ಹೊಗೆ ನೋಡುತ್ತಾನೆ, ನಾನು ಸದ್ದು ಕೇಳುತ್ತೇನೆ. ಸೂಜಿ ಒಂದು ಟಕ್ಕು ಮುಚ್ಚಬೇಕಾದರೆ ಒಂದು ಬೆರಳು ಕೆಳಗೆ, ತೆರೆಯಬೇಕಾದರೆ ಮೇಲೆ. ನಾನು ಒಂದು ಬೆರಳು ಕೆಳಗೆ ತೋರಿಸಿದೆ. ಅವನು ತಲೆ ಅಲ್ಲಾಡಿಸಿದ.

"ಹೊಗಿ ಇನ್ನೂ ಬೇಕ್ ಲೇ."

"ಕಿವಿ ನಂದು!"

"ಕಣ್ಣ ನಂದು! ನಿನ್ನ ಕಿವೀ ಮಾತ ಕೇಳಿ ಒಂದ ಪ್ಲಗ್ ಸುಟ್ಟೀದಿ!"

"ಅದ ನಿನ್ನ ಬಟ್ಟಿ ಸುಟ್ಟದ್ದು!"

ಇಡೀ ಮಧ್ಯಾಹ್ನ ಇದೇ. ಎಂಜಿನ್ನು ನಡುವೆ ಕುಳಿತು ಗೊಳಗೊಳ ಎನ್ನುತ್ತಿತ್ತು, ಒಮ್ಮೆಯೂ ನಿಲ್ಲಲಿಲ್ಲ. ಸಂಜೆಯ ಮುಂಚೆ ಅವನು ಕೈಯಲ್ಲಿದ್ದ ರಿಮೋಟಿನ ಕಡ್ಡಿಯನ್ನು ಸ್ವಲ್ಪವೇ ಒತ್ತಿದ. ಹೆಲಿಕಾಪ್ಟರಿನ ಒಂದು ಕಾಲು ನೆಲ ಬಿಟ್ಟಿತು, ಆಮೇಲೆ ಇನ್ನೊಂದು. ಅಂಗೈ ಅಗಲದಷ್ಟು ಗಾಳಿ ಅದರ ಕೆಳಗೆ. ಕಣದ ಧೂಳೆಲ್ಲ ನನ್ನ ಧೋತರಕ್ಕೆ ಬಂತು. ಎಷ್ಟು ಒಗೆದರೂ ಹೋಗುವುದಿಲ್ಲ ಆ ಕೆಂಧೂಳು.

ವಿಡಿಯೋ ಮಾಡುವುದು ಮರೆತೆ. ಮಾಡಿದ್ದರೂ ಕಳಿಸುವುದು ಯಾರಿಗೆ? ಅವನೇ ಹಾರಿಸಿದ್ದು.

ಜನವರಿ ೨೬, ಭಾನುವಾರ

ಕೇಳಿಯೇಬಿಟ್ಟೆ. ವಿಠೋಬನ ಎದುರು ನಿಂತು, ತುಟಿ ದೊಡ್ಡದು ಮಾಡಿ, "ಯಾಕ ಬರಲಿಲ್ಲ?" ಎಂದೆ. ಯಾವುದಕ್ಕೆ ಎಂದು ಅವನು ಕೇಳಲಿಲ್ಲ.

"ಬಂದಿದ್ನಿ," ಎಂದ. "ನಿಮ್ಮ ಓಣಿ ತಿರುವಿನ ತನಾ ಬಂದ ನಿಂತಿದ್ನಿ. ಅಂಗಳದಾಗ ಮಂದಿ ಕುಂತದ್ದ ಕಂಡ್ತು. ಹೊಳ್ಳಿ ಹ್ವಾದ್ನಿ."

"ಯಾಕ?"

"ನಾಕ ಮಂದ್ಯಾಗ ಕುಂತ್ರ ನನಗ ಏನ ತಿಳಿತೈತೋ? ಯಾರ ಏನ ಅಂದ್ರಂತ ಮಾರಿ ನೋಡಿ ಅಂದಾಜ ಮಾಡಿ ತಲಿ ಅಲಗಸ್ತೇನಿ. ಅದರ ಹಿಂದಿನ ತಿಂಗಳ ರಬಕವ್ಯಾಗ ಒಬ್ಬರ ತೀರಕೊಂಡಿದ್ರು. ಹ್ವಾದ್ನಿ. ಅವರ ಮಗ ಏನೋ ಹೇಳಿದ, ಹಲ್ಲ ಕಂಡ್ವು, ನಗಾಕತ್ತಾನ ಅಂತ ನಾನೂ ನಕ್ನಿ. ಅವಾ ಅಳಾಕತ್ತಿದ್ದ."

ನನ್ನ ತುಟಿಯಿಂದ ಕಣ್ಣು ತೆಗೆದು, "ನಿನ್ನ ಮುಂದ ಹಂಗ ಆಗಿದ್ರ?" ಎಂದ.

ಇದೊಂದು ಕಾರಣವೇ? ಫಾರ್ ದಿ ಫಾಲೋಯಿಂಗ್ ರೀಸನ್ಸ್ ಎಂದು ಇದನ್ನು ಅರ್ಜಿಯಲ್ಲಿ ಬರೆದರೆ ಯಾವ ಮಾಸ್ತರನೂ ಅರ್ಧ ದಿನದ ರಜೆ ಕೊಡುವುದಿಲ್ಲ. ನಗುತ್ತಿದ್ದೆಯಾ? ನಕ್ಕುಬಿಡು. ಬಂದು ನಗು! ತಿರುವಿನವರೆಗೆ ಬಂದು ತಿರುಗಿ ಹೋಗುವುದೆಂದರೇನು? ಮಾತಾಡದೆ ಬಸ್ಸು ಹತ್ತಿ ಬಂದೆ. ಇನ್ನು ಹೋಗುವುದಿಲ್ಲ. ಎಂಜಿನ್ನು ಅಲ್ಲೇ ಇರಲಿ.

ಜನವರಿ ೩೦, ಗುರುವಾರ

ಬರೆಯುವಂಥದ್ದು ಏನೂ ಇಲ್ಲ.

ಒಂದು ಪ್ರಯೋಗ ಮಾಡಿದೆ, ಅವನು ಹೇಳಿದ್ದು ಸುಳ್ಳೆಂದು ತೋರಿಸಲಿಕ್ಕೆ. ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಮಫ್ಲರು ಬಿಗಿದುಕೊಂಡು ಕಟ್ಟೆಯ ಮೇಲೆ ಕುಳಿತೆ. ಸಾವಿತ್ರೆವ್ವ ಬಂದು ನಿಂತು ಏನೋ ಹೇಳಿದಳು. ಮುಖದ ಮೇಲಿಂದ ತಿಳಿಯುತ್ತದೆಯೋ ನೋಡೋಣವೆಂದು ಸುಮ್ಮನೆ ನೋಡುತ್ತ ಕುಳಿತೆ. ಕೈ ತಿರುಗಿಸಿದಳು, ಬಾಯಿ ಅಗಲ ಮಾಡಿದಳು. ಏನೋ ಚೇಷ್ಟೆಯ ಮಾತಿರಬೇಕೆಂದು ನಕ್ಕು, "ಛಲೋ ಆತು ಬಿಡ ತಂಗಿ" ಎಂದೆ.

ಅವಳು ನನ್ನನ್ನು ನೋಡಿದ ರೀತಿ.

ಹತ್ತಿ ತೆಗೆದು ಕೇಳಿದೆ. ಅವಳ ಎಮ್ಮೆ ನಸುಕಿನಲ್ಲಿ ಸತ್ತಿತ್ತು. ಕರು ಹೊಟ್ಟೆಯಲ್ಲೇ ಇತ್ತು.

ಕೈಮುಗಿದು ಎಲ್ಲ ಹೇಳಿದೆ, ಹತ್ತಿ ತೋರಿಸಿದೆ. ನಂಬಿದಳೋ ಇಲ್ಲವೋ. "ಕಿವಿ ಛಲೋ ಇದ್ದೂ ಯಾಕ ಮುಚ್ಚಕೊಂಡ ಕುಂಡ್ರತೀರಿ ಅಣ್ಣಾರ?" ಎಂದು ಹೋದಳು.

ಈಗಿನ ಹತ್ತಿಯೇ ಕೆಟ್ಟದ್ದು. ಎಲ್ಲಾ ಕಲಬೆರಕೆ.

ಫೆಬ್ರವರಿ ೨, ಭಾನುವಾರ

ಹೋದೆ. ಸೂಜಿಯ ಕೊನೆಯ ಕೆಲಸ ಬಾಕಿ ಇತ್ತು, ಅರ್ಧಕ್ಕೆ ಬಿಟ್ಟರೆ ಎಂಜಿನ್ನಿಗೆ ಅನ್ಯಾಯ.

ವಿಠೋಬಾ ಏನೂ ಆಗದವನ ಹಾಗೆ ಕಣದಲ್ಲಿ ಕಾಯುತ್ತಿದ್ದ. ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವವರು ಸಾಲು ಹಿಡಿದಿದ್ದರು. ಸೂಜಿ ಒಂದು ಟಕ್ಕು, ಮತ್ತೊಂದು ಟಕ್ಕು ಮುಚ್ಚಿದೆವು. ಗೊಳಗೊಳ ಹೋಗಿ ಸದ್ದು ಒಂದೇ ಎಳೆಯಾಯಿತು, ಹಿಂದೆ ಸಣ್ಣಗೆ ಹೊಗೆಯ ಗೆರೆ. ನಾನು ಅಂಗೈ ತೋರಿಸಿ ಸಾಕೆಂದೆ. ಅವನೂ ಸಾಕೆಂದ. ಮೊದಲ ಸಲ ಇಬ್ಬರದೂ ಒಂದೇ ಮಾತಾಯಿತು.

ಹೆಲಿಕಾಪ್ಟರ್ ಎದ್ದು ನಮ್ಮ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಲುಗಾಡಲಿಲ್ಲ. ವಿಠೋಬನ ಕಣ್ಣು ಅದರ ಮೇಲೆ. ಕಣ್ಣು ತೆಗೆದರೆ ಬೀಳುತ್ತದೆ. ಹಾಗೆಯೇ, ಮುಖ ತಿರುಗಿಸದೆ ಕೇಳಿದ:

"ನೇಮ್ಯಾ, ಶಾಂತವ್ವ ಹೆಂಗ ಹ್ವಾದ್ಲು?"

ನಾನು ಹೊಗೆಯ ಗೆರೆಯತ್ತ ನೋಡಿದೆ.

"ನಿನ್ನ ಮಾರಿ ನೋಡಾಕ ಬರೂದಿಲ್ಲ ಈಗ. ಕಿವ್ಯಾಗ ಹೇಳ."

"ಎದಿ ಹಿಡೀತು," ಎಂದೆ.

"ಏನ?"

"ಎದಿ! ಎದಿ ಹಿಡೀತು!"

"ಜೋರ್ ಹೇಳ, ಕೇಳಸವಲ್ದು!"

ಎಂಥ ಮನುಷ್ಯ ಇವನು! ಐದು ದಿನ ಅಂಗಳದಲ್ಲಿ ಕುಳಿತವರಿಗೆ ಹೇಳದ್ದನ್ನು ಬಯಲಲ್ಲಿ ನಿಂತು ಕೂಗು ಎನ್ನುತ್ತಾನೆ. ಸಿಟ್ಟು ಬಂತು. ಆ ಸಿಟ್ಟಿಗೇ ಕೂಗಿದೆ.

"ನೀರ ತುಂಬಿ ಬಂದ್ಲು! ಎದಿ ಹಿಡದಂಗ ಆಗೈತ್ರಿ ಅಂದ್ಲು! ಓಡಿ ಹೋಗಿ ಆಟೋ ತಂದ್ನಿ! ಹತ್ತ ಅಂದ್ರ ಹತ್ತಲಿಲ್ಲ!"

"ಯಾಕ?"

"ಸೀರಿ!"

"ಏನ?"

"ಸೀರಿ ಬದಲಸ್ತೇನಿ ಅಂದ್ಲೋ! ಹಳೇ ಸೀರ್ಯಾಗ ದವಾಖಾನಿಗಿ ಹೆಂಗ ಬರ್ಲಿ ಅಂದ್ಲು! ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು! ಆಟೋ ಹೊರಗ ಗುರ್ ಅಂತ ನಿಂತೈತಿ, ನಾ ಬಾಗಲಾ ಬಡ್ಯಾಕತ್ತೇನಿ, ಇಕಿ ಒಳಗ ನಿರಿಗಿ ಹಿಡ್ಯಾಕತ್ತಾಳ!"

ಕಬ್ಬು ಕಡಿಯುವವರ ಕುಡುಗೋಲಿನ ಸದ್ದು ನಿಂತಿತ್ತು. ಅವರೆಲ್ಲ ಇತ್ತ ನೋಡುತ್ತಿದ್ದರು. ನೋಡಲಿ ಎಂದು ಇನ್ನೂ ಜೋರು ಮಾಡಿದೆ.

"ಜೀವ ಹೋಗಾಕತ್ತೈತಿ, ನಿರಿಗಿ ಸರಿ ಇರಬೇಕು! ಎಂಥಾ ಹೆಣಮಗಳೋ ಅಕಿ! ಬಾ ಅಂದ್ರ ಬರಲಿಲ್ಲೋ! ಆಟೋದಾಗ ಕುಂತ ಮ್ಯಾಲ ನನ್ನ ನೋಡಿ ಏನಂದ್ಲು ಗೊತ್ತೈತೇನು? ಅಂಗಿ ಗುಂಡಿ ತಪ್ಪಿ ಹಾಕ್ಕೊಂಡೀರಿ ಅಂದ್ಲು! ಒಂದ ಗುಂಡಿ ಬಿಚ್ಚಿ ಸರಿ ಮಾಡಿದ್ಲು! ಎರಡನೇದು ಬಿಚ್ಚಿದ್ಲು! ಹಾಕಲಿಲ್ಲೋ! ಹಾಕಲಿಲ್ಲ!"

ನನ್ನ ದನಿ ಬಹಳ ದೂರ ಹೋಗುತ್ತಿದೆ ಎಂದು ಆಗ ಅನ್ನಿಸಿತು. ಹೆಲಿಕಾಪ್ಟರ್ ನೆಲದ ಮೇಲೆ ಕುಳಿತಿತ್ತು. ಇಂಧನ ತೀರುವ ಮುಂಚೆ ಅವನು ಯಾವಾಗ ಇಳಿಸಿದ್ದನೋ ನಾನು ಕಂಡಿಲ್ಲ. ರೆಕ್ಕೆ ಕೊನೆಯ ಸುತ್ತು ಸುತ್ತುತ್ತಿತ್ತು. ವಿಠೋಬಾ ನನ್ನತ್ತ ತಿರುಗಿ ನಿಂತು ನನ್ನ ತುಟಿಯನ್ನೇ ನೋಡುತ್ತಿದ್ದ.

"ಎಂಜಿನ್ ನಿಂತೈತಿ," ಎಂದ. "ನೀ ನಿಂದ್ರಬ್ಯಾಡ."

ಆಮೇಲೆ ಎಷ್ಟು ಹೊತ್ತು ಹೇಳಿದೆನೋ. ಅವನಿಗೆ ಎಷ್ಟು ತಿಳಿಯಿತೋ. ಕೊನೆಯ ಬಸ್ಸಿನ ಮುಂಚಿನದೂ ತಪ್ಪಿತು, ಅನಸವ್ವ ಬಿಸಿಲಿರುವಾಗಲೇ ಉಣ್ಣಿಸಿ ಕಳಿಸಿದಳು. ಎಂಜಿನ್ನು ಪಳಗಿದೆ. ನನ್ನ ಗಂಟಲು ಮಾತ್ರ ಪೂರಾ ಹೋಗಿದೆ, ಅವನಿಂದ.

ಈಗ ಉಜ್ವಲಾ ಫೋನ್ ಮಾಡಿದ್ದಳು. ದನಿ ಕೇಳಿ ಹೆದರಿ, "ಏನಾತಪಾ ಗಂಟಲಿಗಿ?" ಎಂದಳು. ಅದಿರಲಿ, ನಿಮ್ಮವ್ವ ಆಟೋ ಹತ್ತುವಾಗ ಯಾವ ಸೀರೆ ಉಟ್ಟಿದ್ದಳು ಗೊತ್ತೇನು ಎಂದು ಕೇಳಿದೆ. ಗೊತ್ತಿರಲಿಲ್ಲ. ಅವಳು ಬರುವಷ್ಟರಲ್ಲಿ ಮೈತೊಳೆಸಿ ಬೇರೆ ಉಡಿಸಿದ್ದರು. ಹಸಿರು ಸೀರೆ, ನೀನು ನೌಕರಿ ಹತ್ತಿದಾಗ ತಂದುಕೊಟ್ಟದ್ದು ಎಂದೆ. ಮೊದಲಿಂದ ಹೇಳಪಾ ಎಂದಳು, ಆ ಗಂಟಲಲ್ಲೇ ಎಲ್ಲ ಹೇಳಿದೆ.

ಆರು ತಿಂಗಳಾಗುತ್ತ ಬಂತು, ಸ್ವಂತ ಮಗಳಿಗೆ ಇದನ್ನು ಒಬ್ಬರೂ ಹೇಳಿಲ್ಲವಂತೆ. ಎಂಥ ಮಂದಿ ಇದ್ದಾರೆ!